ಎಂಜಿನ್ ಉಸಿರಿನಿಂದ ಎಣ್ಣೆ ಹಿಡಿಯುವ ಡಬ್ಬಿ: ಆಯಿಲ್ ಕ್ಯಾಚ್ ಕ್ಯಾನ್ ಕೆಲಸ ಮಾಡುವ ಬಗೆ

ಕಾರಿನ ಎಂಜಿನ್ ಒಳಗಿನಿಂದ ಹೊರಡುವ ಅನಿಲದಲ್ಲಿ ಬೆರೆತಿರುವ ಎಣ್ಣೆಯ ಹನಿಗಳನ್ನು ಹಿಡಿದಿಡುವ ಪುಟ್ಟ ಡಬ್ಬಿಯೇ ಆಯಿಲ್ ಕ್ಯಾಚ್ ಕ್ಯಾನ್. ರೇಸ್ ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ಸಾಧನ ಟರ್ಬೊ ಎಂಜಿನ್‌ಗಳು ಸಾಮಾನ್ಯವಾದ ಮೇಲೆ ಸಾಮಾನ್ಯ ಕಾರು ಮಾಲೀಕರ ಗಮನವನ್ನೂ ಸೆಳೆದಿದೆ. ಇದು ಎಲ್ಲ ಕಾರಿಗೂ ಬೇಕೆ, ಅಳವಡಿಸಿದರೆ ಲಾಭವೇನು, ತಪ್ಪಾಗಿ ಅಳವಡಿಸಿದರೆ ಅಪಾಯವೇನು ಎಂಬುದನ್ನು ತಿಳಿಯಲು ಮೊದಲು ಎಂಜಿನ್ ಉಸಿರಾಡುವ ಬಗೆಯನ್ನು ಅರಿಯಬೇಕು.

ಅನಿಲ ಸೋರುವುದೇಕೆ?

ಸಿಲಿಂಡರ್‌ನಲ್ಲಿ ಇಂಧನ ಉರಿದಾಗ ಉಂಟಾಗುವ ಒತ್ತಡ ಪಿಸ್ಟನ್ ಅನ್ನು ಕೆಳಕ್ಕೆ ತಳ್ಳುತ್ತದೆ. ಈ ಒತ್ತಡ ಕೆಳಗೆ ಸೋರದಂತೆ ತಡೆಯುವುದು ಪಿಸ್ಟನ್ ರಿಂಗ್‌ಗಳ ಕೆಲಸ. ಆದರೆ ಬಿಸಿಯಾದಾಗ ಹಿಗ್ಗಲು ಜಾಗವಿರಲೆಂದು ಪ್ರತಿ ರಿಂಗ್‌ನಲ್ಲಿಯೂ ಒಂದು ಸಣ್ಣ ಸೀಳು ಇರುತ್ತದೆ. ಆ ಸೀಳಿನ ಮೂಲಕವೂ ರಿಂಗ್‌ನ ಅಂಚಿನಿಂದಲೂ ಸ್ವಲ್ಪ ಅನಿಲ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ನುಸುಳುವುದು ಅನಿವಾರ್ಯ. ಇದಕ್ಕೆ ಬ್ಲೋ-ಬೈ ಎಂದು ಹೆಸರು. ಇದು ಮಿತಿ ಮೀರಿದಾಗ ಗ್ಯಾರೇಜಿನವರು 'ಬ್ಯಾಕ್ ಕಂಪ್ರೆಷನ್' ಎನ್ನುತ್ತಾರೆ. ಹೊಸ ಎಂಜಿನ್‌ನಲ್ಲಿ ಇದು ಅಲ್ಪ. ರಿಂಗ್ ಸವೆದಂತೆ ಹೆಚ್ಚುತ್ತದೆ.

ಹೀಗೆ ನುಸುಳುವ ಅನಿಲದಲ್ಲಿ ಉರಿಯದೆ ಉಳಿದ ಇಂಧನ, ಹೊಗೆ ಮತ್ತು ನೀರಾವಿ ಇರುತ್ತವೆ. ಕ್ರ್ಯಾಂಕ್‌ಕೇಸ್‌ನಲ್ಲಿ ಶರವೇಗದಿಂದ ತಿರುಗುವ ಭಾಗಗಳು ಎಣ್ಣೆಯನ್ನು ಚಿಮ್ಮಿಸಿ ಮಂಜಿನಂತೆ ಹರಡಿರುತ್ತವೆ. ಅನಿಲ ಈ ಎಣ್ಣೆಯ ಮಂಜನ್ನೂ ಹೊತ್ತುಕೊಳ್ಳುತ್ತದೆ. ಅದಕ್ಕೆ ಹೊರದಾರಿ ಇಲ್ಲದಿದ್ದರೆ ಒಳಗಿನ ಒತ್ತಡ ಏರಿ ಆಯಿಲ್ ಸೀಲ್‌ಗಳು ಬಿಟ್ಟುಕೊಳ್ಳುತ್ತವೆ, ಆಯಿಲ್ ಕಡ್ಡಿ ಮೇಲಕ್ಕೆ ಎದ್ದು ಬರುವುದೂ ಉಂಟು.

ಗಾಳಿಗೆ ಬಿಡದೆ ಒಳಗೇ ಸುಡುವ ವ್ಯವಸ್ಥೆ

ಹಿಂದಿನ ಕಾರುಗಳಲ್ಲಿ ಈ ಅನಿಲವನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಯತ್ತ ಬಿಡಲಾಗುತ್ತಿತ್ತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹೊಗೆಮಂಜಿನ ಸಮಸ್ಯೆ ಉಲ್ಬಣಿಸಿದಾಗ, ಇಂಧನದ ಆವಿ ಗಾಳಿಗೆ ಸೇರುವ ದಾರಿಗಳಲ್ಲಿ ಈ ಕೊಳವೆಯೂ ಮುಖ್ಯವಾದುದು ಎಂಬುದು ಬೆಳಕಿಗೆ ಬಂತು. 1961ರ ಮಾದರಿಗಳಿಂದ ಅಲ್ಲಿನ ಹೊಸ ಕಾರುಗಳಲ್ಲಿ ಪಿಸಿವಿ ವಾಲ್ವ್ ಕಾಣಿಸಿಕೊಂಡಿತು. ಕ್ರ್ಯಾಂಕ್‌ಕೇಸ್‌ನ ಅನಿಲವನ್ನು ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡ್‌ಗೆ ಮರಳಿಸಿ, ಸಿಲಿಂಡರ್‌ನಲ್ಲಿಯೇ ಸುಡುವುದು ಇದರ ತತ್ತ್ವ. ಭಾರತದ ಮಾಲಿನ್ಯ ಮಾನದಂಡಗಳಲ್ಲಿಯೂ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸ್ ಅನಿಲ ವಾತಾವರಣ ಸೇರುವಂತಿಲ್ಲ.

ಪಿಸಿವಿ ವಾಲ್ವ್ ಸ್ಪ್ರಿಂಗ್ ಆಧಾರಿತ ಸರಳ ಸಾಧನ. ಎಂಜಿನ್ ಐಡಲ್‌ನಲ್ಲಿದ್ದಾಗ ಮ್ಯಾನಿಫೋಲ್ಡ್‌ನ ಸೆಳೆತ ಜೋರಾಗಿರುವುದರಿಂದ ವಾಲ್ವ್ ದಾರಿಯನ್ನು ಕಿರಿದಾಗಿಸುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಸೆಳೆತ ತಗ್ಗಿ, ಬ್ಲೋ-ಬೈ ಹೆಚ್ಚಿ, ದಾರಿ ಅಗಲವಾಗುತ್ತದೆ. ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ಬೂಸ್ಟ್ ಏರಿದಾಗ ಮ್ಯಾನಿಫೋಲ್ಡ್‌ನಲ್ಲಿ ಸೆಳೆತದ ಬದಲು ಒತ್ತಡವಿರುತ್ತದೆ. ಆಗ ವಾಲ್ವ್ ಮುಚ್ಚಿಕೊಂಡು, ಅನಿಲ ಬ್ರೀದರ್ ಪೈಪ್ ಮೂಲಕ ಟರ್ಬೊದ ಮುಂಭಾಗಕ್ಕೆ ಸಾಗುತ್ತದೆ.

ಎಣ್ಣೆಯಿಂದ ಆಗುವ ತೊಂದರೆ

ಅನಿಲದ ಜೊತೆಗೆ ಎಣ್ಣೆಯೂ ಮರಳುವುದೇ ಇಲ್ಲಿನ ತೊಡಕು. ಎಂಪಿಎಫ್‌ಐ ಎಂಜಿನ್‌ಗಳಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್‌ನ ಬೆನ್ನಿಗೆ ಸಿಂಪಡಣೆಯಾಗಿ ಅದನ್ನು ತೊಳೆಯುತ್ತಿರುತ್ತದೆ. ನೇರವಾಗಿ ಸಿಲಿಂಡರ್‌ಗೇ ಇಂಧನ ಚಿಮ್ಮಿಸುವ ಜಿಡಿಐ ಎಂಜಿನ್‌ಗಳಲ್ಲಿ ಈ ತೊಳೆತ ಇಲ್ಲ. ಹೀಗಾಗಿ ಎಣ್ಣೆ ಬಿಸಿ ವಾಲ್ವ್‌ಗೆ ಅಂಟಿ, ಕರಕಲಾಗಿ, ಪದರ ಪದರವಾಗಿ ಇಂಗಾಲ ಕಟ್ಟುತ್ತದೆ. ಗಾಳಿಯ ದಾರಿ ಕಿರಿದಾಗುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಇಜಿಆರ್ ಮೂಲಕ ಮರಳುವ ಹೊಗೆಯ ಮಸಿ ಈ ಎಣ್ಣೆಯೊಂದಿಗೆ ಸೇರಿ, ಮ್ಯಾನಿಫೋಲ್ಡ್ ಒಳಗೆ ಕೀಲೆಣ್ಣೆಯಂಥ ಕಪ್ಪು ಲೇಪವಾಗುತ್ತದೆ. ಟರ್ಬೊ ಕಾರಿನ ಇಂಟರ್‌ಕೂಲರ್‌ನಲ್ಲಿ ಎಣ್ಣೆಯ ಪೊರೆ ಕೂತರೆ ಗಾಳಿ ತಣಿಸುವ ಅದರ ಶಕ್ತಿ ಕುಂದುತ್ತದೆ.

ಡಬ್ಬಿಯೊಳಗೆ ನಡೆಯುವುದೇನು?

ಕ್ಯಾಚ್ ಕ್ಯಾನ್ ಅನ್ನು ಈ ಕೊಳವೆಯ ನಡುವೆ ಕೂರಿಸಲಾಗುತ್ತದೆ. ಒಂದು ಕಡೆಯಿಂದ ಅನಿಲ ಒಳಬರುತ್ತದೆ, ಇನ್ನೊಂದು ಕಡೆಯಿಂದ ಹೊರಹೋಗುತ್ತದೆ. ನಡುವೆ ಮೂರು ಕ್ರಿಯೆಗಳು ನಡೆಯುತ್ತವೆ. ಕಿರಿದಾದ ಕೊಳವೆಯಿಂದ ಅಗಲವಾದ ಡಬ್ಬಿಗೆ ಬಂದೊಡನೆ ಅನಿಲದ ವೇಗ ತಗ್ಗುತ್ತದೆ. ಒಳಗಿನ ಅಡ್ಡತಟ್ಟೆಗಳ ಬಳಿ ಅನಿಲ ಸುಲಭವಾಗಿ ತಿರುಗಿಕೊಳ್ಳುತ್ತದೆ, ಭಾರವಾದ ಎಣ್ಣೆಯ ಹನಿ ತಿರುಗಲಾರದೆ ತಟ್ಟೆಗೆ ಬಡಿದು ಅಂಟಿಕೊಳ್ಳುತ್ತದೆ. ಉಕ್ಕಿನ ಎಳೆಗಳ ಜಾಲರಿಯಲ್ಲಿ ಉಳಿದ ಸಣ್ಣ ಹನಿಗಳು ಒಂದಕ್ಕೊಂದು ಕೂಡಿ ದಪ್ಪನಾಗಿ ಕೆಳಗಿಳಿಯುತ್ತವೆ. ಡಬ್ಬಿಯ ಗೋಡೆ ತಣ್ಣಗಿದ್ದರೆ ಆವಿ ಹನಿಗಟ್ಟುವುದೂ ಸುಲಭ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬೇಯುವ ಪಾತ್ರೆಯ ಮುಚ್ಚಳ ತೆಗೆದಾಗ ಒಳಗಿನಿಂದ ತೊಟ್ಟಿಕ್ಕುವ ನೀರನ್ನು ನೆನೆದರೆ ಈ ಕ್ರಿಯೆ ಅರ್ಥವಾದೀತು.

ಒಳಗೆ ಅಡ್ಡತಟ್ಟೆಯಾಗಲಿ ಜಾಲರಿಯಾಗಲಿ ಇಲ್ಲದ ಬರಿಯ ಖಾಲಿ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ. ಅವು ಹಿಡಿಯುವ ಎಣ್ಣೆ ಕಡಿಮೆ. ಹೆಚ್ಚಿನ ಮಂಜು ಅವುಗಳನ್ನು ದಾಟಿಹೋಗುತ್ತದೆ.

ಬಿದರೆಹಳ್ಳಿ ಕಾವಲ್‌ನಲ್ಲಿಯೂ ಅದೇ ಪ್ರಶ್ನೆ

ಎಣ್ಣೆಯಿಂದ ಗಾಳಿಯನ್ನು ಬೇರ್ಪಡಿಸುವ ಸಮಸ್ಯೆ ಕಾರಿಗಷ್ಟೇ ಸೀಮಿತವಲ್ಲ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್‌ನಲ್ಲಿ 615 ಎಕರೆ ಪ್ರದೇಶದಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ ನೆರವೇರಿಸಿದ್ದ ಪ್ರಧಾನಿ ನರೇಂದ್ರ ಮೋದಿ ಅವರೇ 2023ರ ಫೆಬ್ರುವರಿ 6ರಂದು ಇದನ್ನು ಲೋಕಾರ್ಪಣೆ ಮಾಡಿದರು. 3 ಟನ್ ವರ್ಗದ, ಒಂದೇ ಎಂಜಿನ್‌ನ ಲಘು ಉಪಯೋಗಿ ಹೆಲಿಕಾಪ್ಟರ್ (ಎಲ್‌ಯುಎಚ್) ತಯಾರಿಕೆಯೊಂದಿಗೆ ಕೆಲಸ ಆರಂಭಿಸಲೆಂದು ರೂಪುಗೊಂಡ ಕಾರ್ಖಾನೆ ಇದು. ಚೇತಕ್ ಮತ್ತು ಚೀತಾ ಹೆಲಿಕಾಪ್ಟರ್‌ಗಳ ಸ್ಥಾನ ತುಂಬಬೇಕಾದ ಎಲ್‌ಯುಎಚ್‌ಗೆ ಶಕ್ತಿ-1ಯು ಎಂಬ ಟರ್ಬೊಶಾಫ್ಟ್ ಎಂಜಿನ್ ಇದೆ.

ಟರ್ಬೈನ್ ಎಂಜಿನ್‌ಗೆ ಪಿಸ್ಟನ್ ಇಲ್ಲ, ಹಾಗಾಗಿ ಬ್ಲೋ-ಬೈ ಕೂಡ ಇಲ್ಲ. ಆದರೆ ಅದರ ಬೇರಿಂಗ್‌ಗಳಿಂದ ಎಣ್ಣೆ ಸೋರದಂತೆ ಸೀಲ್‌ಗಳಿಗೆ ಸಾಮಾನ್ಯವಾಗಿ ಒತ್ತಡದ ಗಾಳಿ ಹಾಯಿಸಲಾಗುತ್ತದೆ. ಆ ಗಾಳಿ ಒಳಕ್ಕೆ ನುಸುಳಿ ಎಣ್ಣೆಯಲ್ಲಿ ಬೆರೆಯುತ್ತದೆ. ಇದನ್ನು ಬೇರ್ಪಡಿಸಲು ಇಂಥ ಎಂಜಿನ್‌ಗಳಲ್ಲಿ ಗಿರಗಿರನೆ ತಿರುಗುವ ಬ್ರೀದರ್ ಇರುತ್ತದೆ. ಭಾರವಾದ ಎಣ್ಣೆ ಅಂಚಿಗೆ ಎಸೆಯಲ್ಪಟ್ಟು ಟ್ಯಾಂಕ್‌ಗೆ ಮರಳುತ್ತದೆ, ಹಗುರವಾದ ಗಾಳಿ ನಡುವಿನ ರಂಧ್ರದಿಂದ ಹೊರಹೋಗುತ್ತದೆ. ಕಾರಿನಲ್ಲಿ ಎಣ್ಣೆ ಕಡಿಮೆಯಾದರೆ ರಸ್ತೆಬದಿಗೆ ನಿಲ್ಲಿಸಬಹುದು. ಒಂದೇ ಎಂಜಿನ್ ನಂಬಿ ಆಕಾಶದಲ್ಲಿರುವ ಹೆಲಿಕಾಪ್ಟರ್‌ಗೆ ಆ ಅವಕಾಶವಿಲ್ಲ. ಆದ್ದರಿಂದಲೇ ಅಲ್ಲಿ ಬೇರ್ಪಡಿಕೆಯ ಸಾಧನ ಎಂಜಿನ್‌ನ ಮೂಲ ವಿನ್ಯಾಸದ ಭಾಗವಾಗಿರುತ್ತದೆ. ಕಾರು ತಯಾರಕರು ಕೂಡ ವಾಲ್ವ್ ಕವರ್‌ನೊಳಗೆ ಅಡ್ಡತಟ್ಟೆಗಳನ್ನು ಇಟ್ಟಿರುತ್ತಾರೆ. ಕ್ಯಾಚ್ ಕ್ಯಾನ್ ಅದಕ್ಕೆ ಸೇರಿಸುವ ಹೆಚ್ಚುವರಿ ಕಾವಲು ಮಾತ್ರ.

ಯಾರಿಗೆ ಬೇಕು, ಯಾರಿಗೆ ಬೇಡ?

ಟರ್ಬೊ ಇಲ್ಲದ ಎಂಪಿಎಫ್‌ಐ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವವರಿಗೆ ಇದರಿಂದ ವಿಶೇಷ ಲಾಭವಿಲ್ಲ. ಟರ್ಬೊ ಜಿಡಿಐ ಎಂಜಿನ್ ಉಳ್ಳವರಿಗೆ ಹಾಗೂ ಎಂಜಿನ್ ಅನ್ನು ಕಠಿಣವಾಗಿ ದುಡಿಸುವವರಿಗೆ ಉಪಯೋಗವಾಗಬಹುದು. ತೆರೆದ ಬ್ರೀದರ್ ಇರುವ ಸ್ಪರ್ಧಾ ಕಾರುಗಳಿಗೆ ಟ್ರ್ಯಾಕ್ ಮೇಲೆ ಎಣ್ಣೆ ಚೆಲ್ಲದಿರಲೆಂದು ಎಫ್‌ಐಎ ಇದನ್ನು ಕಡ್ಡಾಯ ಮಾಡಿದೆ. 2000 ಸಿಸಿವರೆಗಿನ ಎಂಜಿನ್‌ಗೆ ಕನಿಷ್ಠ 2 ಲೀಟರ್, ಅದಕ್ಕೂ ದೊಡ್ಡದಕ್ಕೆ 3 ಲೀಟರ್ ಡಬ್ಬಿ ಬೇಕು.

ಡಬ್ಬಿ ಬೇಗ ಬೇಗ ತುಂಬುತ್ತಿದ್ದರೆ ಅದನ್ನು ಸಾಧನದ ಯಶಸ್ಸೆಂದು ಭಾವಿಸಬಾರದು. ರಿಂಗ್ ಸವೆದಿರುವುದರ, ಪಿಸಿವಿ ಕೆಟ್ಟಿರುವುದರ ಅಥವಾ ಎಣ್ಣೆ ಮಿತಿಗಿಂತ ಹೆಚ್ಚು ತುಂಬಿಸಿರುವುದರ ಸೂಚನೆ ಅದು. ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ಒಳಿತು. ಡೀಸೆಲ್ ಕಾರಿನಲ್ಲಿ ಈ ಸೂಚನೆಯನ್ನು ಕಡೆಗಣಿಸುವುದು ಅಪಾಯಕಾರಿ. ಗಾಳಿಯ ದಾರಿಗೆ ಎಣ್ಣೆ ವಿಪರೀತವಾಗಿ ನುಗ್ಗಿದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನವಾಗಿ ಸುಟ್ಟು, ಕೀಲಿ ತೆಗೆದರೂ ನಿಲ್ಲದೆ ಹುಚ್ಚುವೇಗದಲ್ಲಿ ತಿರುಗಿ ಒಡೆದುಹೋಗಬಹುದು.

ಅಳವಡಿಸುವಾಗ ಎಚ್ಚರ

* ರಸ್ತೆಯ ಕಾರಿಗೆ ಎರಡೂ ತುದಿ ಜೋಡಣೆಯಾಗುವ ಮುಚ್ಚಿದ ಡಬ್ಬಿಯೇ ಇರಬೇಕು. ಮೇಲೆ ಫಿಲ್ಟರ್ ಇರುವ ತೆರೆದ ಡಬ್ಬಿ ಅನಿಲವನ್ನು ಗಾಳಿಗೆ ಬಿಡುತ್ತದೆ. ಹೊಗೆಕೊಳವೆಯನ್ನಷ್ಟೇ ಅಳೆಯುವ ಪಿಯುಸಿ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳದಿದ್ದರೂ ನಿಯಮಬಾಹಿರವೇ.
* ಎಣ್ಣೆ ಮತ್ತು ಶಾಖ ತಾಳುವ, ಸೆಳೆತಕ್ಕೆ ಚಪ್ಪಟೆಯಾಗದ ಹೋಸ್ ಬಳಸಬೇಕು. ಹೋಸ್ ಮಡಚಿಕೊಂಡರೆ ಇಡೀ ಎಂಜಿನ್‌ನ ಉಸಿರೇ ಕಟ್ಟುತ್ತದೆ.
* ಡಬ್ಬಿ ಟರ್ಬೊ ಮತ್ತು ಎಕ್ಸಾಸ್ಟ್‌ನ ಬಿಸಿಯಿಂದ ದೂರವಿರಲಿ. ಮೊದಮೊದಲು ಸಾವಿರ ಕಿ.ಮೀ.ಗೊಮ್ಮೆ ತೆರೆದು ನೋಡಿ, ತುಂಬುವ ವೇಗ ತಿಳಿದ ಮೇಲೆ ಅವಧಿ ನಿಗದಿ ಮಾಡಿಕೊಳ್ಳಬಹುದು.
* ವಾರಂಟಿ ಇನ್ನೂ ಇದ್ದರೆ ಅದರ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು. ತಯಾರಕರು ಒಪ್ಪದ ಬದಲಾವಣೆ ಮಾಡಿದರೆ ಎಂಜಿನ್ ದುರಸ್ತಿಯ ವೆಚ್ಚ ಮಾಲೀಕರ ತಲೆಗೇ ಬರಬಹುದು.

ಡಬ್ಬಿಯಲ್ಲಿ ಸಂಗ್ರಹವಾಗುವುದು ಶುದ್ಧ ಎಣ್ಣೆಯಲ್ಲ. ನಿತ್ಯ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ನೀರಾವಿ ಪೂರ್ತಿ ಆರದೆ, ದ್ರವ ಹಾಲುಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ನೀರು, ಪೆಟ್ರೋಲ್ ಮತ್ತು ಆಮ್ಲಾಂಶ ಬೆರೆತಿರುವ ಇದನ್ನು ಮತ್ತೆ ಎಂಜಿನ್‌ಗೆ ಸುರಿಯಕೂಡದು. ಚರಂಡಿಗೂ ಚೆಲ್ಲಕೂಡದು. ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಒಂದು ಬಾಟಲಿಯಲ್ಲಿ ಕೂಡಿಟ್ಟು, ಆಯಿಲ್ ಬದಲಿಸುವ ದಿನ ಹಳೆಯ ಎಣ್ಣೆಯೊಂದಿಗೆ ಸರ್ವೀಸ್ ಸೆಂಟರ್‌ಗೆ ಒಪ್ಪಿಸುವುದೇ ಸರಿಯಾದ ಕ್ರಮ.