ಚಿಣ್ಣಿಕೋಲಿನ ಎಣಿಕೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬೀಳುವುದಕ್ಕೆ ಮುಂಚೆ ಆ ನೆಲವೆಲ್ಲ ಹಳ್ಳಿಗಳ ಹೊಲಗದ್ದೆ, ಕೆರೆಯಂಗಳ, ಗೋಮಾಳಗಳಾಗಿದ್ದಿತು. ಯಡಿಯೂರು, ಬೈರಸಂದ್ರ, ತಾವರೆಕೆರೆ, ಮಡಿವಾಳ, ಸಾರಕ್ಕಿ ಮೊದಲಾದ ಆ ಹಳ್ಳಿಗಳ ಹೆಸರುಗಳು ಇಂದಿಗೂ ಅಳಿದಿಲ್ಲ. ಅವುಗಳಲ್ಲಿ ಮೂರು ಹೆಸರುಗಳ ಮೊದಲಕ್ಷರಗಳು ಮಾತ್ರ ಉಳಿದು ‘ಬಿ.ಟಿ.ಎಂ. ಬಡಾವಣೆ’ ಎಂದಾಗಿದೆ. ಬಾಯಿಂದ ಬಾಯಿಗೆ ಸಾಗುವ ಮಾತು ಸವೆಯುವ ರೀತಿಗೆ ಇದೊಂದು ಹತ್ತಿರದ ನಿದರ್ಶನ. ಇಂತಹ ಬಯಲುಗಳಿಗೆ ಹೊಂದಿದ ಆಟ ಚಿಣ್ಣಿಕೋಲು. ಅದರ ಚರಿತ್ರೆಯೂ ಸವೆದ ಮಾತುಗಳಲ್ಲಿಯೇ ಅಡಗಿದೆ.

ಆಟದ ಸಲಕರಣೆ ಎರಡೇ ಕಡ್ಡಿ. ಎರಡು ತುದಿಯನ್ನೂ ಚೂಪಾಗಿ ಕೆತ್ತಿದ ಗಿಡ್ಡ ತುಂಡು ಚಿಣ್ಣಿ. ಮೊಳದುದ್ದಕ್ಕೆ ಹೆಚ್ಚು ಕಡಿಮೆಯಾದ ಕೋಲು ದಾಂಡು. ಚಿಣ್ಣಿಯ ತುದಿಯನ್ನು ದಾಂಡಿನಿಂದ ತಟ್ಟಿದರೆ ಅದು ನೆಗೆಯುತ್ತದೆ. ನೆಗೆದದ್ದು ನೆಲಕ್ಕೆ ಬೀಳುವುದರೊಳಗೆ ಮತ್ತೆ ಹೊಡೆಯಬೇಕು. ತಟ್ಟು ಬಲವಾದರೆ ಚಿಣ್ಣಿ ಕೈಮೀರಿ ಹಾರುತ್ತದೆ, ಮೆತ್ತಗಾದರೆ ಏಳುವುದೇ ಇಲ್ಲ. ಕಣ್ಣು ಕಂಡ ಕ್ಷಣಕ್ಕೆ ಕೈ ಒದಗಬೇಕು. ಎದುರಾಳಿ ಗಾಳಿಯಲ್ಲಿಯೇ ಹಿಡಿದನೆಂದರೆ ಸರದಿ ಮುಗಿಯಿತು. ಚಿಣ್ಣಿ ಬಿದ್ದ ದೂರವನ್ನು ದಾಂಡಿನಿಂದಲೇ ಅಳೆಯುವುದು ವಾಡಿಕೆ.

ಉತ್ತರ ಕರ್ನಾಟಕದಲ್ಲಿ ಇದು ಚಿಣಿಫಣಿ, ಕರಾವಳಿಯಲ್ಲಿ ಕುಟ್ಟಿದೊಣ್ಣೆ, ಬೆಂಗಳೂರಿನ ಕಡೆ ಚಿನ್ನಿದಾಂಡು ಅಥವಾ ಗಿಲ್ಲಿದಾಂಡು. ‘ಚಿನ್ನಿ’ಯನ್ನು ಚಿನ್ನಕ್ಕೆ ಗಂಟುಹಾಕುವುದು ಕೇವಲ ಧ್ವನಿಯ ಮೋಹ, ಕಿರಿದು ಎಂಬರ್ಥದ ‘ಚಿಣ್ಣ’ವೇ ಅದರ ಮೂಲವೆನ್ನುವುದು ಯುಕ್ತ.

ಮಹಾರಾಷ್ಟ್ರದಲ್ಲಿ ಇದೇ ಆಟಕ್ಕೆ ವಿಟಿದಾಂಡು ಎಂದು ಹೆಸರು. ಅಲ್ಲಿನ ಒಂದು ಬಗೆಯಲ್ಲಿ ದೇಹದ ಬೇರೆ ಬೇರೆ ಕಡೆಯಿಂದ ಚಿಣ್ಣಿಯನ್ನು ಚಿಮ್ಮಿಸಿ ಹೊಡೆಯುವ ಏಳು ಹೊಡೆತಗಳುಂಟು: ವಕಟ್, ಲೇಂಡ್, ಮೂಂಡ್, ನಾಲ್, ಆರ್, ವೇದ್, ಝಕೂ. ಮರಾಠಿಯಲ್ಲಿ ಇವು ಅರ್ಥವಿಲ್ಲದ ಮಾತುಗಳು. ಕನ್ನಡ ತೆಲುಗುಗಳೆರಡನ್ನೂ ನಿತ್ಯ ಕೇಳುವ ಬೆಂಗಳೂರಿನವನಿಗಾದರೋ ಇವು ದ್ರಾವಿಡ ಸಂಖ್ಯೆಗಳೆಂದು ಕೂಡಲೆ ಹೊಳೆಯುತ್ತದೆ. ಇದರಿಂದ ಆಟವೇ ಕರ್ನಾಟಕದಿಂದ ಹೋಯಿತೆಂದು ಸಾಧಿಸುವ ಆಸೆ ಕನ್ನಡಿಗರಿಗೆ ಸಹಜ. ಆದರೆ ಶಬ್ದಗಳು ಅದಕ್ಕೆ ಸಮ್ಮತಿಸುವುದಿಲ್ಲ. ನಮ್ಮ ‘ಒಂದು’ ವಕಟ್ ಆಗಲಾರದು, ತೆಲುಗಿನ ‘ಒಕಟಿ’ ಆಗಬಲ್ಲುದು. ‘ಎರಡು’ ಲೇಂಡ್ ಆಗಲಾರದು, ‘ರೆಂಡು’ ಆಗಬಲ್ಲುದು. ಮೂರನೆಯದು ಇನ್ನೂ ನಿರ್ಣಾಯಕ. ಕನ್ನಡದ ‘ಮೂಱು’ವಿನಲ್ಲಿ ಅನುನಾಸಿಕವಿಲ್ಲ, ತೆಲುಗಿನ ‘ಮೂಡು’ವಿನಲ್ಲಿ ಈಗ ಕೇಳಿಸದಿದ್ದರೂ ಹಿಂದೆ ಅದು ಅರ್ಧಾನುಸ್ವಾರದಿಂದ ಕೂಡಿದ್ದಿತು. ತೆಲುಗರ ನಾಲಗೆಯಿಂದ ಜಾರಿಹೋದ ಧ್ವನಿ ಮರಾಠಿ ಹುಡುಗರ ‘ಮೂಂಡ್’ನಲ್ಲಿ ಉಳಿದಿರುವುದು ಆಶ್ಚರ್ಯವೇ ಸರಿ! ನಾಲ್, ಆರ್ ಎಂಬುವು ಎರಡು ಭಾಷೆಗಳಿಗೂ ಸಲ್ಲುವುದರಿಂದ ವಿವಾದವನ್ನು ತೀರಿಸಲಾರವು.

ಎಣಿಕೆ ಪರಭಾಷೆಯದಾದ ಮಾತ್ರಕ್ಕೆ ಆಟವೂ ಅಲ್ಲಿಯದೇ ಎನ್ನಲಾಗದು. ಭರತಖಂಡದ ಬಹುಭಾಗದಲ್ಲಿ ಹರಡಿರುವ ಆಟಕ್ಕೆ ಒಂದೇ ತವರನ್ನು ಹುಡುಕುವುದು ವ್ಯರ್ಥ. ಹೊಡೆತಗಳ ಈ ಕ್ರಮವು ತೆಲುಗರ ಒಡನಾಟದಿಂದ ಮರಾಠಿಗರಿಗೆ ಬಂದಿತೆಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ಎರಡು ಸೀಮೆಗಳ ಎಲ್ಲೆ ಒಂದಕ್ಕೊಂದು ತಗುಲಿಕೊಂಡೇ ಇರುವುದರಿಂದ ನಡುವೆ ಕನ್ನಡದ ಸೇತುವೆಯೂ ಬೇಕಿಲ್ಲ.

ಒಂದು ತೊಡಕು ಉಳಿಯುತ್ತದೆ. ‘ಆರ್’ ನಿಂತಿರುವುದು ಐದನೆಯ ಸ್ಥಾನದಲ್ಲಿ. ಅದರ ಮುಂದಿನ ‘ವೇದ್’ ಎಂಬುದು ವೇದವಲ್ಲ, ‘ಐದು’ವಿನ ವಿಕಾರವೆಂದು ಹಿಡಿದರೆ ಐದು ಆರುಗಳು ಸ್ಥಳ ಬದಲಾಯಿಸಿವೆಯೆಂದಾಗುತ್ತದೆ. ಅರ್ಥ ತಿಳಿಯದೆ ಕೂಗುವ ಎಣಿಕೆಯಲ್ಲಿ ಇಂತಹ ಪಲ್ಲಟ ಅಸಂಭವವಲ್ಲ. ಏಳನೆಯ ‘ಝಕೂ’ ಮಾತ್ರ ತೆಲುಗಿನ ‘ಏಡು’ವಿಗೂ ಕನ್ನಡದ ‘ಏಳು’ವಿಗೂ ಹೊಂದುವುದಿಲ್ಲ, ಅದನ್ನು ಸಂಖ್ಯೆಗಳ ಸಾಲಿನಿಂದ ಬಿಡುವುದೇ ಮೇಲು.