ತೇಲುವ ಚೆಂಡಿನ ಚರಿತ್ರೆ

ಶೌಚಾಲಯದ ಫ್ಲಶ್ ಟ್ಯಾಂಕ್ ಸೋರುವುದನ್ನು ಯಾರೂ ದೊಡ್ಡ ಸಂಗತಿಯೆಂದು ಭಾವಿಸುವುದಿಲ್ಲ. ಅಡುಗೆಮನೆಯ ನಳ ತೊಟ್ಟಿಕ್ಕಿದರೆ ಸದ್ದು ಕೇಳಿಸುತ್ತದೆ. ಟ್ಯಾಂಕಿನ ನೀರಾದರೋ ಸದ್ದಿಲ್ಲದೆ ಕಮೋಡಿನೊಳಗೆ ಇಳಿದುಹೋಗುತ್ತದೆ. ನಿಮಿಷಕ್ಕೆ ಅರ್ಧ ಲೋಟ, ಅಂದರೆ 100 ಮಿಲಿಲೀಟರ್ ಸೋರಿದರೂ ದಿನಕ್ಕೆ 144 ಲೀಟರ್ ಆಯಿತು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಪಡಿಸಿದ್ದು 55 ಲೀಟರ್. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿರುವ ದೇಸೂರದಂಥ ಊರಿನ ಲೆಕ್ಕದಲ್ಲಿ, ಇಂಥ ಒಂದು ಟ್ಯಾಂಕು ಎರಡೂವರೆ ಜನರ ಪಾಲಿನ ನೀರನ್ನು ನುಂಗುತ್ತದೆ.

ಟ್ಯಾಂಕಿನೊಳಗಿನ ಉಪಾಯ ಬಹಳ ಹಳೆಯದು. ನೀರು ಏರಿದಂತೆ ಚೆಂಡು ಏರುತ್ತದೆ. ಏರಿದ ಚೆಂಡು ನೀರಿನ ಬಾಯಿಯನ್ನು ಮುಚ್ಚುತ್ತದೆ. ತೇಲುವ ವಸ್ತುವಿನಿಂದ ನೀರನ್ನು ಹತೋಟಿಯಲ್ಲಿಡುವ ವಿದ್ಯೆಯನ್ನು ಪ್ರಾಚೀನ ಅಲೆಕ್ಸಾಂಡ್ರಿಯಾದ ಗ್ರೀಕರು ಬಲ್ಲವರಾಗಿದ್ದರು. ಅದನ್ನು ಕಲಿತು ಮುಂದುವರಿಸಿದವರು ಬಾಗ್ದಾದಿನ ಬನೂ ಮೂಸಾ ಸಹೋದರರು. ಸುಮಾರು 850ರಲ್ಲಿ ಅವರು ಬರೆದ ಯಂತ್ರಗಳ ಗ್ರಂಥದಲ್ಲಿ ತಾನಾಗಿ ತೆರೆದು ಮುಚ್ಚುವ ಕವಾಟಗಳ ವಿವರಗಳಿವೆ. 1206ರಲ್ಲಿ ಅಲ್ ಜಝರಿ ಮುಗಿಸಿದ ಗ್ರಂಥದಲ್ಲಿ ಕೈತೊಳೆಯುವ ನವಿಲಿನ ಯಂತ್ರವೊಂದಿದೆ. ಬಳಸಿದ ನೀರು ಕೆಳಗೆ ತುಂಬಿ ಚೆಂಡನ್ನು ಎತ್ತಿದೊಡನೆ ಪುಟ್ಟ ಬೊಂಬೆಯೊಂದು ಹೊರಬಂದು ಸಾಬೂನು ನೀಡುತ್ತಿತ್ತು. ಇಂಗ್ಲೆಂಡಿನಲ್ಲಿ ಜಾನ್ ಹ್ಯಾರಿಂಗ್ಟನ್ ನೀರು ಸುರಿದು ತೊಳೆಯುವ ಶೌಚಾಲಯವನ್ನು 1596ರಲ್ಲಿ ವರ್ಣಿಸಿದ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ದುರ್ವಾಸನೆ ತಡೆಯುವ ಬಾಗಿದ ಕೊಳವೆಗೆ ಪೇಟೆಂಟ್ ಪಡೆದ.

ನಮ್ಮ ನಾಡಿಗೂ ಕೊಳವೆ ನೀರು ಹೊಸದಲ್ಲ. ಬೆಳಗಾವಿ ಬಿಜಾಪುರದ ಆದಿಲ್‌ಶಾಹಿಗಳ ಆಡಳಿತದಲ್ಲಿದ್ದ ಕಾಲದಲ್ಲೇ ರಾಜಧಾನಿಗೆ ತೊರವಿಯಿಂದಲೂ, 1651ರ ಬೇಗಂ ತಲಾಬಿನಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ಕೊಳವೆ ಒಡೆಯದಂತೆ ನೀರಿನ ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಲಾಗಿತ್ತು. ನೀರು ತರುವಷ್ಟೇ ಕಾಳಜಿ ಅದನ್ನು ಕಾಯುವುದರಲ್ಲೂ ಇತ್ತು.

ಬಾವಿಯಿಂದ ಸೇದಿ ಹೊತ್ತು ತಂದ ಹೆಣ್ಣುಮಕ್ಕಳಿಗೆ ಪ್ರತಿ ಕೊಡದ ಭಾರ ಗೊತ್ತಿತ್ತು. ನಳ ಆ ಭಾರ ಇಳಿಸಿತು; ಅದರೊಂದಿಗೆ ನೀರಿನ ಲೆಕ್ಕವೂ ಮರೆತುಹೋಯಿತು. 2008ರಲ್ಲಿ ಬೆಳಗಾವಿಯ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ 24 ಗಂಟೆಯ ನೀರು ಬಂತು, ಜೊತೆಗೆ ಮೀಟರೂ ಬಂತು. ನೀರು ನಿಲ್ಲದ ಮನೆಯಲ್ಲಿ ಸೋರಿಕೆಯೂ ನಿಲ್ಲುವುದಿಲ್ಲ. ಅತ್ತ ಖಾನಾಪುರ ತಾಲೂಕಿನಲ್ಲೇ ಹುಟ್ಟುವ ಮಹದಾಯಿಯ ನೀರಿಗಾಗಿ ರಾಜ್ಯಗಳು ದಶಕಗಳಿಂದ ಹೋರಾಡಿವೆ. ನ್ಯಾಯಮಂಡಳಿ 2018ರಲ್ಲಿ ತೀರ್ಪಿತ್ತ ಮೇಲೂ ವಿವಾದ ಮುಗಿಯಲಿಲ್ಲ. ನದಿಯ ಪಾಲು ಕೇಳುವವರು ಮನೆಯೊಳಗಿನ ಹೊಳೆಯನ್ನೂ ನೋಡಬೇಕಲ್ಲವೇ?

ನೋಡುವುದು ಕಷ್ಟವೇನಲ್ಲ. ಟ್ಯಾಂಕಿನ ಮುಚ್ಚಳ ತೆರೆಯಿರಿ. ಒಳಗೆ ನಿಂತಿರುವ ಕೊಳವೆಯ ಬಾಯಿಗೆ ನೀರು ಉಕ್ಕಿ ಬೀಳುತ್ತಿದ್ದರೆ ಚೆಂಡನ್ನು ಸ್ವಲ್ಪ ತಗ್ಗಿಸಬೇಕು. ಆಗಲೂ ನೀರು ನಿಲ್ಲದಿದ್ದರೆ ಬಾಲ್ ಕಾಕ್ ಸವೆದಿದೆ. ಉಕ್ಕದಿದ್ದರೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಫ್ಲಶ್ ಮಾಡದಿರಿ. ಕಮೋಡಿನಲ್ಲಿ ನೀಲಿ ಕಂಡರೆ ತಳದ ವಾಷರ್ ಕೆಟ್ಟಿದೆ ಅಥವಾ ಅದರಡಿ ಕಸ ಕೂತಿದೆ. ನೀರಿನ ಕಾಕ್ ಬಂದ್ ಮಾಡಿ ಟ್ಯಾಂಕ್ ಖಾಲಿ ಮಾಡಿ, ಕಸ ಒರೆಸಿ, ಅಗತ್ಯವಿದ್ದರೆ ಅದೇ ಅಳತೆಯ ಹೊಸ ವಾಷರ್ ಹಾಕಿದರೆ ಸಾಕು.

ಸಾಕೆನಿಸಿದಾಗ ತಾನೇ ನಿಲ್ಲುವಂತೆ ನೀರಿಗೆ ಕಲಿಸಿದವರು ನಮ್ಮ ಹಿರಿಯರು. ಸವೆದ ವಾಷರ್ ಬದಲಿಸುವಷ್ಟಾದರೂ ಕೆಲಸ ನಮ್ಮ ಪಾಲಿಗಿದೆ.