ರಸಮಂಜರಿ ದಾರಿಯಲ್ಲಿ ಬಂದ ರಾಕ್: ಶಿಡ್ಲಘಟ್ಟ ಸೀಮೆಯ ನಡುವಯಸ್ಸಿನ ಗಂಡಸರ ಶ್ರವಣ ಚರಿತ್ರೆ

ಕರ್ನಾಟಕದಲ್ಲಿ ಪಾಶ್ಚಾತ್ಯ ಪಾಪ್ ಮತ್ತು ರಾಕ್ ಸಂಗೀತದ ಚರಿತ್ರೆ ಎಂದರೆ ಬೆಂಗಳೂರು ದಂಡು ಪ್ರದೇಶದ ಚರಿತ್ರೆ ಎಂದೇ ರೂಢಿಯಾಗಿಬಿಟ್ಟಿದೆ. ಬ್ರಿಗೇಡ್ ರಸ್ತೆ, ರೆಸ್ಟ್ ಹೌಸ್ ರಸ್ತೆಯ ಪಬ್ಬುಗಳು, ಅರಮನೆ ಮೈದಾನ: ನಕ್ಷೆ ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಕಾರಣವೂ ಇದೆ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಹಾಡಿದ್ದು ಆ ಮೈದಾನದಲ್ಲೇ. ಆದರೆ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಂಥ ಊರುಗಳಲ್ಲಿ ಬೆಳೆದು ಈಗ ಐವತ್ತು ದಾಟಿರುವ ಗಂಡಸರ ಕಿವಿಗೂ ಆ ಲಯ ಹೊಸದಲ್ಲ. ಅದು ಅವರನ್ನು ಮುಟ್ಟಿದ್ದು ಸಿನಿಮಾ ಮತ್ತು ರಸಮಂಜರಿ ವೇದಿಕೆಗಳ ಮೂಲಕ ಎಂಬುದು ಈ ಲೇಖನದ ವಾದ.

ಮೊದಲು ತೆಲುಗಿನ ದಾರಿ. ಈ ಗಡಿ ಸೀಮೆಯಲ್ಲಿ ಶಾಲೆಯದು ಕನ್ನಡವಾದರೂ ಬಹಳಷ್ಟು ಮನೆಗಳಲ್ಲಿ ಮಾತು ತೆಲುಗು. ಚಿರಂಜೀವಿ ನಟಿಸಿದ ‘ದೊಂಗ’ (1985) ಚಿತ್ರದ ‘ಗೋಲಿಮಾರ್’ ಹಾಡು ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ ವಿಡಿಯೊ (1983) ನೋಡಿ ಕಟ್ಟಿದ್ದು. ಸ್ಮಶಾನ, ಎದ್ದು ಬರುವ ಹೆಣಗಳು, ಕುಣಿತದ ವರಸೆ ಎಲ್ಲವೂ ಅಲ್ಲಿಂದಲೇ ಬಂದವು. ಎಂಟಿವಿ ಭಾರತಕ್ಕೆ ಬಂದದ್ದು 1991ರಲ್ಲಿ. ಹೀಗಾಗಿ ಇಲ್ಲಿನ ಹುಡುಗರಿಗೆ ಜಾಕ್ಸನ್‌ಗಿಂತ ಮೊದಲು ಸಿಕ್ಕವನು ಚಿರಂಜೀವಿ.

ಕನ್ನಡದ ದಾರಿ ಇನ್ನೂ ಹಳೆಯದು. ಪ್ರಾಥಮಿಕ ಶಾಲೆಯಲ್ಲೇ ಓದು ಬಿಟ್ಟ ರಾಜ್‌ಕುಮಾರ್ ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ‘ಇಫ್ ಯು ಕಮ್ ಟುಡೇ’ ಹಾಡಿದರು. ಅಣ್ಣಾವ್ರೇ ಹಾಡಿದ ಮೇಲೆ ಇಂಗ್ಲಿಷ್ ಹಾಡು ಪರರ ಸೊತ್ತಾಗಿ ಉಳಿಯಲಿಲ್ಲ. 1987ರ ‘ಪ್ರೇಮಲೋಕ’ ಕಥೆಯ ಎಳೆಯನ್ನು ‘ಗ್ರೀಸ್ 2’ (1982) ಎಂಬ ಅಮೆರಿಕನ್ ಚಿತ್ರದಿಂದ ಪಡೆದಿತ್ತು. ಹಂಸಲೇಖರ ಡ್ರಮ್ಸ್ ಮತ್ತು ಕೀಬೋರ್ಡ್ ಆ ಎಳೆಯನ್ನು ಕನ್ನಡದ ಕಾಲೇಜು ಹುಡುಗರ ಮಾತಿಗೆ ಒಗ್ಗಿಸಿದವು.

ಇದನ್ನೆಲ್ಲ ಬರೀ ನಕಲು ಎಂದು ತಳ್ಳಿಹಾಕುವವರಿದ್ದಾರೆ. ಅವರು ಬಿಡ್ಡು ಅಪ್ಪಯ್ಯ ಅವರನ್ನು ನೆನೆಯಬೇಕು. ಕೊಡವ ಮನೆತನದ, ಬೆಂಗಳೂರಿನಲ್ಲಿ ಗಿಟಾರ್ ಹಿಡಿದು ಬೆಳೆದ ಬಿಡ್ಡು ಅರವತ್ತರ ದಶಕದಲ್ಲಿ ಲಂಡನ್ ಸೇರಿದರು. ಅವರು ನಿರ್ಮಿಸಿದ, ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ 1974ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಪಶ್ಚಿಮದ ‘ಮೂಲ’ದೊಳಗೇ ನಮ್ಮ ನೆಲದವನೊಬ್ಬ ಕೂತಿದ್ದ.

ಇನ್ನು ರಸಮಂಜರಿ. ಗಣೇಶನ ಹಬ್ಬ, ಊರ ಜಾತ್ರೆ, ರಾಜ್ಯೋತ್ಸವ, ಸಂದರ್ಭ ಯಾವುದಾದರೂ ಶಾಮಿಯಾನದಡಿ ಎದ್ದು ನಿಲ್ಲುತ್ತಿದ್ದ ವಾದ್ಯಗಳು ರಾಕ್ ತಂಡದವೇ: ಲೀಡ್ ಗಿಟಾರ್, ಬೇಸ್ ಗಿಟಾರ್, ಡ್ರಮ್ ಸೆಟ್, ಕೀಬೋರ್ಡ್, ಆಮೇಲೆ ಬಂದ ರಿದಮ್ ಪ್ಯಾಡ್. ಇಲ್ಲೊಂದು ತಾಂತ್ರಿಕ ಸಂಗತಿಯನ್ನು ಗಮನಿಸಬೇಕು. ಮೀಡಿಯಂ ವೇವ್ ರೇಡಿಯೊದ ಪುಟ್ಟ ಸ್ಪೀಕರ್ ತಗ್ಗಿನ ಸ್ವರಗಳನ್ನು ಸರಿಯಾಗಿ ಹೊರಡಿಸಲಾರದು. ಮನೆಯ ಟ್ರಾನ್ಸಿಸ್ಟರಿನಲ್ಲಿ ಕೇಳಿದವನಿಗೆ ರಾಗ ಸಿಗುತ್ತಿತ್ತು, ಬೇಸ್ ಸಿಗುತ್ತಿರಲಿಲ್ಲ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳ ಮುಂದೆ ನಿಂತಾಗಲೇ ಅದು ಎದೆಗೆ ಗುದ್ದುತ್ತಿದ್ದದ್ದು. ಭಕ್ತಿಗೀತೆ ಮುಗಿದು ಹೊತ್ತು ಏರಿದಂತೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಮನೆಗೆ ನಡೆಯುತ್ತಿದ್ದರು. ವೇದಿಕೆ ಮುಂದೆ ಕುಣಿದು ‘ಒನ್ಸ್ ಮೋರ್’ ಕೂಗಲು ಉಳಿಯುತ್ತಿದ್ದವರು ಹುಡುಗರು. ಈ ಸಂಗೀತ ಗಂಡಸರ ಹಾಡಾದದ್ದು ಅಭಿರುಚಿಯಿಂದಲ್ಲ, ರಾತ್ರಿ ಹೊತ್ತು ಹೊರಗಿರಲು ಯಾರಿಗೆ ಅನುಮತಿ ಇತ್ತು ಎಂಬುದರಿಂದ.

ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಮುಂದೆ ಹೆಚ್ಚು ಗಾಢವಾಗಿ ಉಳಿಯುತ್ತವೆ ಎಂದು ಮನೋವಿಜ್ಞಾನಿಗಳು ಕಂಡುಕೊಂಡಿದ್ದಾರೆ. 1970ರಲ್ಲಿ ಹುಟ್ಟಿದವನಿಗೆ ‘ದೊಂಗ’ ಬಂದಾಗ 15, ‘ಪ್ರೇಮಲೋಕ’ ಬಂದಾಗ 17. ಬೆಂಗಳೂರಿನಲ್ಲಿ ರೇಡಿಯೊ ಸಿಟಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ಶುರುವಾದ 2001ರ ಹೊತ್ತಿಗೆ ಅವನಿಗೆ 31. ಕೆಲಸಕ್ಕೆಂದು ನಗರ ಸೇರಿದವನಿಗೆ ಮೂಲ ಇಂಗ್ಲಿಷ್ ಹಾಡುಗಳು ಧಾರಾಳವಾಗಿ ಸಿಕ್ಕಿದ್ದು ಆಗ, ಅಂದರೆ ನೆನಪು ಗಟ್ಟಿಯಾದ ಮೇಲೆ. ಹಾಗಾಗಿ ಅವನ ಪಾಲಿಗೆ ಚಿರಂಜೀವಿಯೇ ಮೊದಲಿನವನು, ಜಾಕ್ಸನ್ ಆಮೇಲಿನವನು. ರಾಕ್ ಅಧ್ಯಯನಗಳು ಮೂಲ ಮತ್ತು ನಕಲನ್ನು ತಾರೀಖಿನ ಮೇಲೆ ಜೋಡಿಸುತ್ತವೆ. ಕೇಳುಗ ಜೋಡಿಸುವ ಕ್ರಮವೇ ಬೇರೆ.

ಈ ಚರಿತ್ರೆಗೆ ಲಿಖಿತ ದಾಖಲೆ ಕಡಿಮೆ. ಇರುವುದು ವಾದ್ಯಗೋಷ್ಠಿ ತಂಡಗಳ ಹಾಡಿನ ಪಟ್ಟಿಗಳು, ಕರಪತ್ರಗಳು, ಅಂಗಡಿಯಲ್ಲಿ ತುಂಬಿಸಿಕೊಂಡು ಬಂದ ಸಿ-60 ಕ್ಯಾಸೆಟ್ಟುಗಳು. ಕಾಂತಪಟ್ಟಿಯ ಲೇಪ ವರ್ಷಗಳು ಕಳೆದಂತೆ ಕೆಡುತ್ತದೆ. ಆ ವಾದ್ಯಗಾರರಿಗೂ ವಯಸ್ಸಾಗುತ್ತಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳು ಇವನ್ನು ಸಂಗ್ರಹಿಸುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು.